ಓದು, ಖೋ-ಖೋ, ಈಜು: ಒಂಬತ್ತನೇ ತರಗತಿಯ ವಾರವನ್ನು ಹೊಂದಿಸುವ ಬಗೆ

ಮಗಳು ಒಂಬತ್ತನೇ ತರಗತಿಗೆ ಕಾಲಿಟ್ಟಾಗ ಮೈಸೂರಿನ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಇನ್ನು ಆಟ, ಈಜು ಎಲ್ಲ ಬಿಡಿಸಿಬಿಡಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ." ನಾನು ಬಿಡಿಸಲಿಲ್ಲ. ಆದರೆ ಎಲ್ಲವನ್ನೂ ಒಂದೇ ವಾರದಲ್ಲಿ ಹೊಂದಿಸುವುದನ್ನು ಕಲಿಯಲು ನನಗೂ ಅವಳಿಗೂ ಹೆಚ್ಚುಕಡಿಮೆ ಒಂದು ವರ್ಷವೇ ಹಿಡಿಯಿತು. ಶುರುವಿನಲ್ಲಿ ಗಂಟೆಗೊಂದು ಕೆಲಸದಂತೆ ವೇಳಾಪಟ್ಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಅದು ಒಂದೇ ಒಂದು ವಾರವೂ ಬರೆದಂತೆ ನಡೆಯಲಿಲ್ಲ.

ಕಾರಣ ತಡವಾಗಿ ಅರ್ಥವಾಯಿತು. ಓದು, ಆಟ, ಈಜು ಮೂರರ ಸ್ವಭಾವವೂ ಬೇರೆ. ಈಜಿಗೆ ತಪ್ಪದ ದಿನ ಬೇಕು; ಹದಿನೈದು ದಿನ ಬಿಟ್ಟರೆ ಮೈ ಮರೆತುಬಿಡುತ್ತದೆ. ಶಾಲೆಯ ಆಟಕ್ಕೆ ಅದರದೇ ಕಾಲವಿದೆ; ಎರಡು ತಿಂಗಳು ಮನೆಯನ್ನೇ ತಿಂದುಹಾಕುತ್ತದೆ, ಆಮೇಲೆ ತಣ್ಣಗಾಗುತ್ತದೆ. ಓದಿಗೆ ಮುಖ್ಯವಾಗಿ ಬೇಕಾದದ್ದು ಜಾಗ, ಕೈಗೆಟುಕುವ ಪುಸ್ತಕ. ಆದ್ದರಿಂದ ಈಜನ್ನು ಮೊದಲು ಗೂಟ ಹೊಡೆದು ನಿಲ್ಲಿಸಿ, ಆಟಕ್ಕೆ ಸಡಿಲ ಬಿಟ್ಟು, ಉಳಿದ ಸಂದುಗಳಲ್ಲಿ ಓದನ್ನು ಹರಿಯಬಿಡಬೇಕು. ಈ ಬರಹದಲ್ಲಿ ಅದನ್ನೇ ಹಂತ ಹಂತವಾಗಿ ಹೇಳುತ್ತೇನೆ. ಪದಕಕ್ಕಾಗಿ ಈಜುವ ಮಕ್ಕಳ ದಾರಿ ಬೇರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಅತಿ ಕಿರಿಯ ಸ್ಪರ್ಧಿ, ಬೆಂಗಳೂರಿನ ಧಿನಿಧಿ ದೇಸಿಂಗು ಅವರಿಗೆ ಆಗ 14 ವರ್ಷ. ಅಂಥ ಮಕ್ಕಳ ದಿನಚರಿಯನ್ನು ನಮ್ಮ ಮಕ್ಕಳ ಮೇಲೆ ಹೇರಬಾರದು. ಇದು ಸಾಧಾರಣ ಮಕ್ಕಳ ಸಾಧಾರಣ ವಾರ.

ಮೊದಲು ಒಂದು ವಾರ ಇದ್ದದ್ದನ್ನು ಇದ್ದಂತೆ ಬರೆಯಿರಿ

ಏನನ್ನೂ ಬದಲಿಸಬೇಡಿ. ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, ಎದ್ದ ಹೊತ್ತು, ಮಲಗಿದ ಹೊತ್ತು, ನಡುವೆ ಎಲ್ಲಿ ಎಷ್ಟು ಹೊತ್ತು ಹೋಯಿತು ಎಂಬುದನ್ನು ಮಗುವೇ ಬರೆಯಲಿ. ನೀವು ಬರೆದರೆ ಅದು ದೂರುಪಟ್ಟಿಯಾಗುತ್ತದೆ. ನಮ್ಮ ಮನೆಯ ನೋಟ್‌ಬುಕ್‌ನಲ್ಲಿ ಎರಡು ಸಂಗತಿಗಳು ಎದ್ದು ಕಂಡವು. ಒಂದು, ಬಸ್ಸಿಗೆ ಕಾಯುವುದು, ಟ್ಯೂಷನ್ ಶುರುವಾಗುವ ಮುಂಚೆ ಕಾಯುವುದು, ನಾನು ಕರೆದೊಯ್ಯಲು ಬರುವವರೆಗೆ ಕಾಯುವುದು, ಇವೆಲ್ಲ ಸೇರಿ ವಾರಕ್ಕೆ ಸುಮಾರು ನಾಲ್ಕು ಗಂಟೆ. ಇನ್ನೊಂದು, ಐದು ರಾತ್ರಿ ಅವಳು ಮಲಗಿದ್ದು ಹನ್ನೊಂದರ ಮೇಲೆ.

ನಿದ್ದೆಯ ಲೆಕ್ಕ ಎಲ್ಲಕ್ಕಿಂತ ಮುಂಚೆ

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತುಸು ಮುಂದಕ್ಕೆ ಸರಿಯುತ್ತದೆ. ರಾತ್ರಿ ನಿದ್ದೆ ತಡವಾಗಿ ಬರುತ್ತದೆ, ಬೆಳಿಗ್ಗೆ ಬೇಗ ಏಳಲಾಗುವುದಿಲ್ಲ. ಇದನ್ನು ಸೋಮಾರಿತನ ಎಂದು ಬೈಯುತ್ತಿದ್ದ ನನ್ನ ಮೇಲೆ ನನಗೀಗ ಬೇಸರವಿದೆ. ಬೆಳಗಿನ 6ರ ಈಜಿನ ಬ್ಯಾಚಿಗೆ ಸೇರಿಸಿದರೆ ಮಗು 5:15ಕ್ಕೆ ಏಳಬೇಕು, ಅಂದರೆ 9 ಗಂಟೆಗೆ ದೀಪ ಆರಬೇಕು. ನಿಮ್ಮ ಮನೆಯಲ್ಲಿ ಅದು ಸಾಧ್ಯವೇ ಎಂದು ಮೊದಲೇ ಕೇಳಿಕೊಳ್ಳಿ. ಸಾಧ್ಯವಿಲ್ಲದಿದ್ದರೆ ಸಂಜೆಯ ಬ್ಯಾಚ್ ಹುಡುಕಿ. ಬೆಳಗಿನದೇ ಗತಿಯಾದರೆ ವಾರಕ್ಕೆ ಎರಡು ದಿನ ಸಾಕು.

ಇನ್ನೊಂದು ಅಳತೆಯೂ ಗೊತ್ತಿರಲಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸರಾಸರಿ ಎಂಬ ಪದವನ್ನು ಗಮನಿಸಿ. ಬುಧವಾರ ಒಂದೂವರೆ ಗಂಟೆ ಆಡಿದ ಮಗು ಶುಕ್ರವಾರ ಸುಮ್ಮನೆ ಕೂತಿದ್ದರೆ ತಪ್ಪೇನಿಲ್ಲ.

ಈಜು: ಬೇಸಿಗೆ ಶಿಬಿರದಲ್ಲಿ ಮುಗಿಯುವ ವಿದ್ಯೆಯಲ್ಲ

ನಮ್ಮಲ್ಲಿ ಈಜು ಎಂದರೆ ಏಪ್ರಿಲ್-ಮೇ ತಿಂಗಳ ಶಿಬಿರ. ಕೊಳ ತುಂಬ ಮಕ್ಕಳು, ಒಬ್ಬ ಕೋಚ್, ಮೂರು ವಾರ. ಕೊನೆಯ ದಿನ ಮಗು ಕೊಳದ ಅಗಲವನ್ನು ಹೇಗೋ ದಾಟುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಮುಂದಿನ ಬೇಸಿಗೆಗೆ ಎಲ್ಲ ಮರೆತಿರುತ್ತದೆ. ಶಿಬಿರದಲ್ಲಿ ಶುರು ಮಾಡುವುದು ಒಳ್ಳೆಯದೇ, ನೀರು ಬೆಚ್ಚಗಿರುತ್ತದೆ. ಆದರೆ ಜೂನ್‌ನಲ್ಲಿ ಬಿಡಬೇಡಿ. ವಾರಕ್ಕೆ ಎರಡು ದಿನ, 45 ನಿಮಿಷದಂತೆ ವರ್ಷವಿಡೀ ನಡೆಸಿ. ಡಿಸೆಂಬರ್-ಜನವರಿಯಲ್ಲಿ ತೆರೆದ ಕೊಳದ ನೀರು ಕೊರೆಯುವಾಗ ಬೇಕಾದರೆ ಒಂದು ದಿನಕ್ಕೆ ಇಳಿಸಿ.

ಕೊಳ ಆರಿಸುವಾಗ ಆಳದ ಕಡೆ ನಿಂತು ನೀರನ್ನು ನೋಡಿ. ತಳದ ಕಪ್ಪು ಗೆರೆ ಸ್ಪಷ್ಟವಾಗಿ ಕಾಣದಿದ್ದರೆ ಅಲ್ಲಿಂದ ಹೊರಟುಬನ್ನಿ. ಮುಳುಗಿದ ಮಗುವೂ ಅಲ್ಲಿ ಕಾಣುವುದಿಲ್ಲ. ಕೋಚ್ ಅಲ್ಲದೆ ಪ್ರತ್ಯೇಕ ಜೀವರಕ್ಷಕರು ಇದ್ದಾರೆಯೇ, ಗೋಡೆಯ ಮೇಲೆ ಆಳ ಬರೆದಿದೆಯೇ ನೋಡಿ. ಹೊಸಬರ ಗುಂಪಿನಲ್ಲಿ ಒಬ್ಬ ಕೋಚ್‌ಗೆ ಎಂಟು-ಹತ್ತು ಮಕ್ಕಳಿಗಿಂತ ಹೆಚ್ಚಿದ್ದರೆ ನಾನು ಸೇರಿಸುವುದಿಲ್ಲ. ಕಣ್ಣು ಉರಿಸುವ ಗಾಢ ವಾಸನೆ ಬಂದರೆ ನೀರು ಶುದ್ಧವಾಗಿದೆ ಎಂದುಕೊಳ್ಳಬೇಡಿ. ಕ್ಲೋರಿನ್ ಬೆವರು ಮತ್ತು ಮೂತ್ರದೊಂದಿಗೆ ಬೆರೆತಾಗ ಏಳುವ ವಾಸನೆ ಅದು. ಕೊಳಕ್ಕಿಳಿಯುವ ಮುಂಚೆ ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬ ನಿಯಮ ಇರುವುದೇ ಇದಕ್ಕಾಗಿ.

ಕಲಿಕೆಯ ಕ್ರಮ ಹೀಗಿರಲಿ. ಮೊದಲ ಮೂರು-ನಾಲ್ಕು ತರಗತಿ ಬರೀ ಉಸಿರು: ಅಂಚಿನ ಕಂಬಿ ಹಿಡಿದು, ಬಾಯಲ್ಲಿ ಉಸಿರೆಳೆದು, ಮುಖವನ್ನು ನೀರಿಗಿಳಿಸಿ, ಮೂಗಿನಿಂದ ಗುಳ್ಳೆ ಬಿಡುವುದು. ಇದನ್ನು ಆತುರದಲ್ಲಿ ಮುಗಿಸಬಾರದು. ನಮ್ಮ ಮಗಳು ಮೊದಲ ಸಲ ಕಲಿಯಲು ಹೋದ ಒಂದು ಕೊಳದಲ್ಲಿ ಎರಡನೇ ದಿನವೇ ಅವಳನ್ನು ಆಳದ ಕಡೆ ತಳ್ಳಿದರು. "ಭಯ ಹೋಗಬೇಕಲ್ಲ" ಎಂದರು. ಭಯ ಹೋಗಲಿಲ್ಲ, ತಿಂಗಳುಗಟ್ಟಲೆ ಅವಳು ಕೊಳದ ಹತ್ತಿರವೂ ಸುಳಿಯಲಿಲ್ಲ. ಎರಡನೆಯ ಸಲ ಬೇರೆ ಕಡೆ ಸೇರಿಸಿದಾಗ ಅಲ್ಲಿನ ಕೋಚ್ ಇಡೀ ಮೊದಲ ತರಗತಿ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಬೊಗಸೆಯಲ್ಲಿ ನೀರು ತುಂಬಿಕೊಂಡು ಅದರೊಳಗೆ ಊದಲು ಹೇಳಿದರು. ನೀರು ಬೆರಳ ಸಂದಿನಿಂದ ಸೋರುತ್ತಿತ್ತು, ಅವಳು ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದಳು. ಅರ್ಧ ಗಂಟೆಯ ಮೇಲೆ ಯಾರೂ ಹೇಳದೆ ಬೊಗಸೆ ಬಿಟ್ಟು ಮುಖವನ್ನೇ ಕೊಳದೊಳಗಿಟ್ಟಳು. ತಲೆ ಎತ್ತಿದಾಗ ರೆಪ್ಪೆಗಳಿಂದ ನೀರು ಇಳಿಯುತ್ತಿತ್ತು. "ಅಮ್ಮಾ, ಒಳಗೆ ಸದ್ದೇ ಇಲ್ಲ" ಎಂದಳು.

ಉಸಿರಿನ ನಂತರ ತೇಲುವುದು, ಆಮೇಲೆ ತೇಲುತ್ತಿರುವಾಗಲೇ ಎದ್ದು ನಿಲ್ಲುವುದು. ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ಎರಡೂ ಅಂಗೈಗಳಿಂದ ನೀರನ್ನು ಕೆಳಕ್ಕೊತ್ತಿ, ಪಾದ ಊರಬೇಕು. ಎಷ್ಟೋ ಕಡೆ ಇದನ್ನು ಕಲಿಸುವುದೇ ಇಲ್ಲ. ಎದೆಮಟ್ಟದ ನೀರಿನಲ್ಲೂ ಮಕ್ಕಳು ಗಾಬರಿಯಾಗುವುದು ಎದ್ದು ನಿಲ್ಲಲು ಬಾರದೆ. ಅದಾದ ಮೇಲೆ ಗೋಡೆಗೆ ಒದ್ದು ಬಾಣದಂತೆ ಜಾರುವುದು, ಹಲಗೆ ಹಿಡಿದು ಕಾಲು ಬಡಿಯುವುದು. ಕಾಲಿನ ಬಡಿತ ಸೊಂಟದಿಂದ ಬರಬೇಕು, ಹಿಮ್ಮಡಿಯ ಕೀಲು ಸಡಿಲವಾಗಿರಬೇಕು. ಮಂಡಿಯಿಂದ ಸೈಕಲ್ ತುಳಿದಂತೆ ಮಾಡಿದರೆ ನೀರು ಚಿಮ್ಮುತ್ತದೆ, ಮೈ ಮುಂದೆ ಹೋಗುವುದಿಲ್ಲ. ಫ್ರೀಸ್ಟೈಲ್‌ನಲ್ಲಿ ಉಸಿರಿಗೆ ತಲೆ ಎತ್ತಬಾರದು, ಪಕ್ಕಕ್ಕೆ ತಿರುಗಿಸಬೇಕು, ಒಂದು ಕಿವಿ ನೀರಿನಲ್ಲೇ ಇರಬೇಕು. ತಲೆ ಎತ್ತಿದೊಡನೆ ಸೊಂಟ ಮುಳುಗುತ್ತದೆ. ನಮ್ಮ ಮನೆಯಲ್ಲಿ ಇದೊಂದಕ್ಕೇ ಎರಡು ತಿಂಗಳು ಹಿಡಿಯಿತು, ಅದಕ್ಕೆ ಚಿಂತೆ ಬೇಡ.

"ಈಜು ಬಂತು" ಎಂದು ಯಾವಾಗ ಹೇಳಬಹುದು? ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ಅಳತೆ ನನಗೆ ಒಪ್ಪಿಗೆಯಾಗಿದೆ: ತಲೆ ಮುಳುಗುವಷ್ಟು ಆಳದ ನೀರಿಗೆ ಹಾರಿ ಮೇಲೆ ಬರಬೇಕು, ಒಂದು ನಿಮಿಷ ತೇಲಬೇಕು ಅಥವಾ ನಿಂತಲ್ಲೇ ಕಾಲಾಡಿಸುತ್ತ ಇರಬೇಕು, ಸುತ್ತ ತಿರುಗಿ ದಡ ಎಲ್ಲಿದೆ ಎಂದು ಗುರುತಿಸಬೇಕು, ಸುಮಾರು 23 ಮೀಟರ್ ಈಜಬೇಕು, ಏಣಿಯಿಲ್ಲದೆ ಮೇಲೆ ಹತ್ತಬೇಕು. ಇವಿಷ್ಟನ್ನೂ ಒಟ್ಟಿಗೆ ಮಾಡಿದ ದಿನ ಮನೆಯಲ್ಲಿ ಪಾಯಸ ಮಾಡಿ.

ಆದರೂ ಕೊಳದ ಈಜು ಹೊಳೆಯ ಈಜಲ್ಲ. ನಮ್ಮ ಕಡೆಯವರು ರಜೆಯಲ್ಲಿ ಬಲಮುರಿಗೆ, ತಲಕಾಡಿಗೆ ಹೋಗುತ್ತಾರೆ. ಕಾವೇರಿ ಅಲ್ಲಿ ಮೇಲ್ನೋಟಕ್ಕೆ ಮೊಣಕಾಲು ಮಟ್ಟ ಕಾಣುತ್ತಾಳೆ. ಅಡಿಯಲ್ಲಿ ಗುಂಡಿಯಿರುತ್ತದೆ, ಪಾಚಿ ಹಿಡಿದ ಬಂಡೆಯಿರುತ್ತದೆ, ಸೆಳೆತವಿರುತ್ತದೆ. ಈಜು ಕಲಿತ ಮಗುವಿಗೆ ಧೈರ್ಯ ಹೆಚ್ಚು, ಹಾಗಾಗಿ ಅಪಾಯವೂ ಹೆಚ್ಚು. ಒಬ್ಬರೇ ಎಂದೂ ಇಳಿಯಬಾರದು. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬಾರದು. ದಡದಲ್ಲಿ ಮಲಗಿ ಬೊಂಬು, ಹಗ್ಗ, ದುಪಟ್ಟ ಚಾಚಬೇಕು, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಬೇಕು, ಕೂಗಿ ಜನ ಸೇರಿಸಬೇಕು, 112ಕ್ಕೆ ಕರೆ ಮಾಡಬೇಕು. ಗೆಳತಿಯನ್ನು ಉಳಿಸಲು ಹೋಗಿ ಇಬ್ಬರೂ ಹೋದ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯೂ ಓದುತ್ತೇವೆ. ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯವನ್ನೂ ಖಂಡಿತ ಬಿಡಿಸಿ. ಮುಂಚೆ ಜೋರಾಗಿ ಹತ್ತಾರು ಸಲ ಉಸಿರೆಳೆದು ಮುಳುಗಿದವರು ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು.

ಉಡುಪಿನ ಮಾತು ಚಿಕ್ಕದೆಂದು ಕಾಣಬಹುದು. ಆದರೆ ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಈಜು ಬಿಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮಂಡಿಯವರೆಗೆ, ಪಾದದವರೆಗೆ ಬರುವ ಈಜುಡುಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಯಾವುದು ಬೇಕೆಂದು ಮಗಳೇ ಆರಿಸಲಿ. ಹತ್ತಿ ಬಟ್ಟೆ ಮಾತ್ರ ಬೇಡ, ನೀರು ಕುಡಿದು ಭಾರವಾಗುತ್ತದೆ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಟ್ಟಿನ ಬಟ್ಟಲು ಬಳಸಿದರೆ ಈಜಲು ಅಡ್ಡಿಯಿಲ್ಲ, ಆದರೆ ಅದು ಅವಳ ಆಯ್ಕೆ. ಬೇಡವೆಂದರೆ ಆ ದಿನ ಬಿಡಲಿ. "ಈ ತಿಂಗಳು ಒಂದೆರಡು ತರಗತಿ ತಪ್ಪಬಹುದು, ಬದಲಿ ದಿನ ಕೊಡಿ" ಎಂದು ಕೋಚ್ ಬಳಿ ನಾನೇ ಮೊದಲು ಮಾತಾಡಿಬಿಟ್ಟಿದ್ದರಿಂದ ಅವಳು ಪ್ರತಿ ಸಲ ಕಾರಣ ಹೇಳಬೇಕಾಗಲಿಲ್ಲ.

ಕೂದಲನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ನೆನೆಸಿ ಟೋಪಿ ಹಾಕಿದರೆ ಕೊಳದ ನೀರನ್ನು ಕಡಿಮೆ ಹೀರುತ್ತದೆ. ಕಿವಿಗೆ ನೀರು ಹೋದರೆ ತಲೆ ವಾಲಿಸಿ ಇಳಿಸಿ, ಟವೆಲಿನ ತುದಿಯಿಂದ ಒರೆಸಿ. ಹತ್ತಿ ಕಡ್ಡಿ ಹಾಕಬೇಡಿ.

ಶಾಲೆಯ ಆಟ: ಕಾಲ ನೋಡಿ ಬಿಗಿ, ಕಾಲ ನೋಡಿ ಸಡಿಲ

ಮಗಳು ಖೋ-ಖೋ ಆಡುತ್ತಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಜಿಲ್ಲೆಯ ಹುಡುಗಿ ಎಂಬ ಹೆಮ್ಮೆಗೆ ಆ ತಿಂಗಳು ಶಾಲೆಯ ಮೈದಾನದಲ್ಲಿ ಖೋ-ಖೋ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಶಾಲೆ ಶುರುವಾದ ಮೊದಲ ವಾರವೇ ದೈಹಿಕ ಶಿಕ್ಷಕರನ್ನು ಕಂಡು ಮೂರು ಪ್ರಶ್ನೆ ಕೇಳಿ: ತಂಡದ ಆಯ್ಕೆ ಯಾವಾಗ, ಅಭ್ಯಾಸ ಯಾವ ದಿನ, ಮೊದಲ ಪಂದ್ಯ ಸುಮಾರು ಯಾವ ತಿಂಗಳು. ಮಗುವಿಗೆ ವಾರಕ್ಕೆ ಎರಡು ದಿನ ಈಜಿದೆ ಎಂದೂ ಆಗಲೇ ಹೇಳಿ. ನಮ್ಮ ಮೇಷ್ಟ್ರು ಮಂಗಳವಾರ, ಗುರುವಾರ ಬಿಟ್ಟುಕೊಟ್ಟರು. ಪಂದ್ಯಕ್ಕೆ ಹದಿನೈದು ದಿನ ಉಳಿದಾಗ ಗುರುವಾರವನ್ನು ವಾಪಸ್ ಕೇಳಿದರು, ನಾವು ಕೊಟ್ಟೆವು. ಕೊಟ್ಟು-ತೆಗೆದುಕೊಳ್ಳುವ ಈ ಮಾತು ಜೂನ್‌ನಲ್ಲೇ ಆಗಿದ್ದರಿಂದ ಆಗಸ್ಟ್‌ನಲ್ಲಿ ಜಗಳವಾಗಲಿಲ್ಲ.

ಖೋ-ಖೋದಲ್ಲಿ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬರು ಅಟ್ಟುತ್ತಾರೆ. ಬೆನ್ನಿಗೆ "ಖೋ" ಬಿದ್ದ ಕ್ಷಣ ಕೂತಲ್ಲಿಂದ ಚಿಮ್ಮಬೇಕು. ಎಲ್ಲ ಭಾರವೂ ಮಂಡಿಯ ಮೇಲೆ. ಬೇಗ ಎತ್ತರವಾಗುತ್ತಿರುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ, ಮೂಳೆ ಉಬ್ಬಿರುವ ಕಡೆ ಒತ್ತಿದರೆ ನೋವಾಗುವುದುಂಟು. ಅದನ್ನು "ಎಣ್ಣೆ ಹಚ್ಚಿದರೆ ಹೋಗುತ್ತದೆ" ಎಂದು ಬಿಡಬೇಡಿ. ಓಟ, ಜಿಗಿತ ಕಡಿಮೆ ಮಾಡಿ ವೈದ್ಯರಿಗೆ ತೋರಿಸಿ. ನಮ್ಮ ಮಗಳಿಗೆ ಹೀಗಾದ ಮೂರು ವಾರ ಕೈಹಿಡಿದದ್ದು ಈಜೇ; ವೈದ್ಯರು ಮೈದಾನ ಬೇಡವೆಂದರು, ನೀರಿಗೆ ಅಡ್ಡಿಯಿಲ್ಲ ಎಂದರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಭ್ಯಾಸಕ್ಕೆ ಮುಂಚೆ ಬಾಳೆಹಣ್ಣು, ಮುಗಿದ ಮೇಲೆ ಹೆಸರುಕಾಳಿನ ಉಸಲಿ ಅಥವಾ ಬೇಯಿಸಿದ ಕಡಲೆಕಾಯಿ, ರಾತ್ರಿ ಮುದ್ದೆ-ಸಾರು. ಬೆಳೆಯುವ ಮೂಳೆಗೆ ರಾಗಿಯಂಥದ್ದು ಇನ್ನೊಂದಿಲ್ಲ, 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನೀರಿನಲ್ಲಿ ಬೆವರಿದ್ದು ಗೊತ್ತಾಗುವುದಿಲ್ಲ, ಹಾಗಾಗಿ ಈಜಿನ ದಿನವೂ ಬಾಟಲಿ ಖಾಲಿಯಾಗಲಿ. ಹುಡುಗಿ ಸದಾ ಸುಸ್ತು ಎನ್ನುತ್ತಿದ್ದರೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಓದು: ಕಾಯುವ ಜಾಗಗಳಲ್ಲಿ ಪುಸ್ತಕ

ಪಠ್ಯದ ಓದು ಬೇರೆ, ಅದರ ಹೊತ್ತು ಮನೆಯವರಿಗೆಲ್ಲ ಗೊತ್ತು. ನಾನು ಹೇಳುತ್ತಿರುವುದು ಮನಸ್ಸಿಗೆ ಬಂದದ್ದನ್ನು ಓದುವ ಓದು. "7ರಿಂದ 7:30, ಕಥೆ ಪುಸ್ತಕ" ಎಂದು ಪಟ್ಟಿಯಲ್ಲಿ ಬರೆದಾಗ ಅವಳು ಒಂದು ಪುಟವನ್ನೂ ಓದಲಿಲ್ಲ. ನೋಟ್‌ಬುಕ್‌ನಲ್ಲಿ ಕಂಡ ಆ ನಾಲ್ಕು ಗಂಟೆಯ ಕಾಯುವಿಕೆ ನೆನಪಾಗಿ ದಾರಿ ಬದಲಿಸಿದೆ. ಶಾಲಾ ಬ್ಯಾಗಿನ ಹೊರ ಜೇಬಿನಲ್ಲಿ ಒಂದು ತೆಳು ಪುಸ್ತಕ, ಈಜಿನ ಚೀಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು, ದಿಂಬಿನ ಪಕ್ಕ ಮೂರನೆಯದು. ಮೂರೂ ಬೇರೆ ಬೇರೆ ಬಗೆಯವು: ಬಸ್ಸಿಗೆ ಸಣ್ಣ ಕಥೆಗಳು, ಕೊಳದ ಬೆಂಚಿಗೆ ಆಟಗಾರರ ಜೀವನಕಥೆ, ರಾತ್ರಿಗೆ ಕಾದಂಬರಿ. ಕೊಳದ ಪುಸ್ತಕದ ಪುಟಗಳು ಒದ್ದೆ ಬೆರಳಿನಿಂದ ಉಬ್ಬಿ ಹಪ್ಪಳದಂತಾಗಿವೆ, ನಡುವೆ ಗುರುತಿಗೆ ಮಡಚಿದ ಬಸ್ ಟಿಕೆಟ್ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಒದ್ದೆಯಾಗಬಹುದಾದ ಪುಸ್ತಕ ಸ್ವಂತದ್ದಾಗಿರಲಿ, ಗ್ರಂಥಾಲಯದ್ದು ಬೇಡ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡದ ಓದು ನಿಧಾನ. ಅರ್ಥ ತಿಳಿದಿರುತ್ತದೆ, ಕಣ್ಣು ಸಾಲಿನ ಮೇಲೆ ಓಡುವುದಿಲ್ಲ. ನಮ್ಮಲ್ಲಿ ಇದಕ್ಕೆ ಬಾಗಿಲು ತೆರೆದದ್ದು ಪತ್ರಿಕೆಯ ಕ್ರೀಡಾಪುಟ. ವಿಶ್ವಕಪ್ಪಿನ ಆ ವಾರ ಮಗಳು ಖೋ-ಖೋ ವರದಿಗಳನ್ನು ತಡವರಿಸುತ್ತ ಗಟ್ಟಿಯಾಗಿ ಓದಿದಳು. ಆಟ ಗೊತ್ತಿದ್ದುದರಿಂದ ಮುಂದಿನ ಪದ ಏನಿರಬಹುದೆಂದು ಊಹಿಸಬಲ್ಲವಳಾಗಿದ್ದಳು. ಆಮೇಲೆ ರಾತ್ರಿ ಊಟದ ನಂತರ ಒಂದು ಪುಟ ನಾನು, ಒಂದು ಪುಟ ಅವಳು ಎಂದು ಓದತೊಡಗಿದೆವು. ನಾಲ್ಕು ತಿಂಗಳಲ್ಲಿ "ನೀವು ನಿಧಾನ ಓದುತ್ತೀರಿ" ಎಂದು ಪುಸ್ತಕ ಕಿತ್ತುಕೊಂಡು ಹೋದಳು.

ಎರಡು ಕೆಲಸ ಮಾಡಬೇಡಿ. ಓದಿದ್ದರ ಸಾರಾಂಶ ಕೇಳಬೇಡಿ, ಅದು ಪರೀಕ್ಷೆಯಾಗುತ್ತದೆ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮುಗಿಸಲೇಬೇಕೆಂದು ಹಟ ಹಿಡಿಯಬೇಡಿ. ಗ್ರಂಥಾಲಯದ ಉಪಯೋಗ ಇಲ್ಲಿಯೇ, ಬೇಡವಾದರೆ ಹಿಂದಿರುಗಿಸಬಹುದು. ನಗರದಲ್ಲಿ ಕೇಂದ್ರ ಗ್ರಂಥಾಲಯ ಮತ್ತು ಅದರ ಶಾಖೆಗಳಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಸಾರ್ವಜನಿಕ ಗ್ರಂಥಾಲಯಗಳಿಗೆ ಹೆಚ್ಚಿನ ಕಡೆ ಸೋಮವಾರ ರಜೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಹೀಗೆ ನಿಂತ ನಮ್ಮ ವಾರ

ಸೋಮವಾರ ಮತ್ತು ಬುಧವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಖೋ-ಖೋ. ಮಂಗಳವಾರ ಮತ್ತು ಗುರುವಾರ ಸಂಜೆ ಈಜು. ಆ ದಿನಗಳಲ್ಲಿ ಟ್ಯೂಷನ್ ಇಲ್ಲ, ಮನೆಪಾಠ ಒಂದು ಗಂಟೆ ಮಾತ್ರ. ಶುಕ್ರವಾರ ಏನೂ ಇಲ್ಲ. ಈ ಖಾಲಿ ದಿನವನ್ನು ಉಳಿಸಿಕೊಳ್ಳಲು ನಾನು ಹೋರಾಡಿದ್ದೇನೆ, ಸಂಗೀತದ ತರಗತಿ, ಅಬ್ಯಾಕಸ್, ಕೋಡಿಂಗ್ ಎಲ್ಲವೂ ಅದರ ಮೇಲೆ ಕಣ್ಣಿಟ್ಟಿದ್ದವು. ವಾರದಲ್ಲಿ ತಪ್ಪಿದ್ದು, ಉಳಿದದ್ದು, ಬರೀ ಹಾಸಿಗೆಯ ಮೇಲೆ ಬಿದ್ದುಕೊಳ್ಳುವುದು, ಎಲ್ಲಕ್ಕೂ ಅದೇ ದಿನ. ಶನಿವಾರ ಬೆಳಗಿನ ಶಾಲೆ ಮುಗಿಸಿ ಗ್ರಂಥಾಲಯ. ಭಾನುವಾರ ಪಠ್ಯಕ್ಕೆ ಬೆಳಿಗ್ಗೆ ಎರಡು-ಮೂರು ಗಂಟೆ, ಮನಸ್ಸಾದರೆ ಅಪ್ಪನ ಜೊತೆ ಕೊಳಕ್ಕೆ, ಕೋಚ್ ಇಲ್ಲದೆ, ಬರೀ ಆಡಲು. ರಾತ್ರಿ 9:30ಕ್ಕೆ ಮೊಬೈಲ್‌ಗಳೆಲ್ಲ, ನಮ್ಮವೂ ಸೇರಿ, ಅಡುಗೆಮನೆಯ ಕಪಾಟಿಗೆ ಹೋಗುತ್ತವೆ.

ಪರೀಕ್ಷೆ ಬಂದಾಗ ಕುಗ್ಗಿಸಿ, ಕಡಿಯಬೇಡಿ. ಸಂಕಲನಾತ್ಮಕ ಪರೀಕ್ಷೆಗೆ ಎರಡು ವಾರ ಇರುವಾಗ ಖೋ-ಖೋ ನಿಲ್ಲುತ್ತದೆ, ಆ ವೇಳೆಗೆ ಹೇಗೂ ಪಂದ್ಯಗಳು ಮುಗಿದಿರುತ್ತವೆ. ಈಜು ವಾರಕ್ಕೆ ಒಂದು ದಿನ, ಅರ್ಧ ಗಂಟೆ. ದಿಂಬಿನ ಪಕ್ಕದ ಪುಸ್ತಕ ಅಲ್ಲಿಯೇ ಇರುತ್ತದೆ. ಎರಡು ಪುಟ ಓದಿದರೂ ನಿದ್ದೆ ಬೇಗ ಬರುತ್ತದೆ ಎನ್ನುತ್ತಾಳೆ.

ಭಾನುವಾರ ರಾತ್ರಿ ಚೀಲ ಜೋಡಿಸುವುದು ಮಾತ್ರ ಮಗುವಿನದೇ ಕೆಲಸವಾಗಿರಲಿ: ಒಣಗಿದ ಈಜುಡುಗೆ, ಟೋಪಿ, ಈಜು ಕನ್ನಡಕ, ಟವೆಲ್, ಸೋಪು, ಒದ್ದೆ ಬಟ್ಟೆಗೆ ಬೇರೆ ಕವರ್, ಬಾಟಲಿ, ಪುಸ್ತಕ. ಮೊದಲ ತಿಂಗಳು ನಮ್ಮವಳು ಎರಡು ಸಲ ಟವೆಲ್ ಮರೆತು ನಡುಗುತ್ತ ಬಂದಳು. ನಾನು ಜೋಡಿಸಿಕೊಡಲಿಲ್ಲ. ಮೂರನೇ ತಿಂಗಳಿಂದ ಟವೆಲ್ ಮರೆತಿಲ್ಲ.